ಮಾವ ಕೆತ್ತಿದ ಹಿಡಿ, ನಾನು ಕೊಟ್ಟ ಪಾಲಿಶ್

ನಾನು ಹೊಡೆದ ಮೊಳೆ ಗೋಡೆಗೆ ನೆಟ್ಟಗೆ ಹೋದ ಇತಿಹಾಸವಿಲ್ಲ. ಆದರೆ ಬೇರೆಯವರು ಹೊಡೆದ ಮೊಳೆ ಸೊಟ್ಟಗಿದ್ದರೆ ಹತ್ತು ಅಡಿ ದೂರದಿಂದಲೇ ಹೇಳಬಲ್ಲೆ. ಈ ಅಪೂರ್ವ ಪ್ರತಿಭೆಯನ್ನು ಗುರುತಿಸಿ ಅಂತರಸನಹಳ್ಳಿಯ ಒಂದು ಕಾರ್ಖಾನೆಯವರು ನನ್ನನ್ನು ಕ್ವಾಲಿಟಿ ಇನ್‌ಸ್ಪೆಕ್ಟರ್ ಮಾಡಿದ್ದರು. ತೊಂಬತ್ತರ ದಶಕದ ಕೊನೆಯ ಮಾತಿದು. ನೀರಿನ ಪಂಪಿನ ಬಿಡಿಭಾಗಗಳನ್ನು ಎತ್ತಿಕೊಂಡು, ಕಣ್ಣು ಕಿರಿದು ಮಾಡಿ, ಬೆಳಕಿಗೆ ಹಿಡಿದು, "ಫಿನಿಶಿಂಗ್ ಸಾಲದು, ರಿಜೆಕ್ಟ್" ಎನ್ನುವುದು ನನ್ನ ಉದ್ಯೋಗ. ಎಂಟು ಗಂಟೆ ಹೀಗೆ ಅಂದೂ ಅಂದೂ, ಸಂಜೆ ಸ್ಕೂಟರ್‌ನಲ್ಲಿ ಉಪ್ಪಾರಹಳ್ಳಿಯ ಬಾಡಿಗೆ ಮನೆಗೆ ಬಂದ ಮೇಲೂ ನಾಲಿಗೆ ಸುಮ್ಮನಿರುತ್ತಿರಲಿಲ್ಲ. ಸಾರು, ಚಪಾತಿ, ಒಗೆದ ಬನಿಯನ್ನು, ಎಲ್ಲಕ್ಕೂ ತಪಾಸಣೆ!

ಕಾರ್ಖಾನೆಯ ತಪಾಸಣೆಗೆ ಒಂದು ವರ್ಷ ಗುಣಮಟ್ಟ ಪ್ರಶಸ್ತಿ ಬಂದಿತ್ತು. ಮನೆಯ ತಪಾಸಣೆಗೆ ಬಂದದ್ದು ಬೈಗುಳ. ಪ್ರಶಸ್ತಿ ಎಂದರೆ ದಪ್ಪನೆಯ ತೇಗದ ಹಲಗೆ, ಅದರ ಮೇಲೆ ಹಿತ್ತಾಳೆ ತಗಡಿನಲ್ಲಿ ನನ್ನ ಹೆಸರು. ಬಂದವರಿಗೆಲ್ಲ ಕಾಣಲಿ ಎಂದು ಟಿ.ವಿ. ಮೇಲೆ ಇಟ್ಟಿದ್ದೆ. ಅದನ್ನು ದಿನಾ ಒರೆಸಬೇಕು ಎಂದು ನನ್ನ ಹೆಂಡತಿ ಸರೋಜಳಿಗೆ ನಿಯಮವನ್ನೂ ಮಾಡಿದ್ದೆ.

ಸರೋಜ ಕುಣಿಗಲ್ ಕಡೆಯ ಹಳ್ಳಿಯವಳು. ತವರಿನಿಂದ ತಂದದ್ದರಲ್ಲೆಲ್ಲ ಅವಳಿಗೆ ಪ್ರಾಣವಾಗಿದ್ದದ್ದು ಒಂದು ಚಾಕು. ಗೇಣುದ್ದದ ಅಲಗು ಕುಲುಮೆಯಲ್ಲಿ ಬಡಿಸಿದ್ದು. ಹಿಡಿಯನ್ನು ಮಾತ್ರ ನಮ್ಮ ಮಾವನವರು ಹುಣಸೆ ಮರದ ಗಟ್ಟಿ ತಿರುಳಾದ ಚೇಗಿನಲ್ಲಿ ತಾವೇ ಕೆತ್ತಿದ್ದರು. ಮಾವ ರೈತರು. ಗುದ್ದಲಿಯ ಕಾವು, ಕುಡುಗೋಲಿನ ಹಿಡಿ, ಯಾವುದಕ್ಕೂ ಇನ್ನೊಬ್ಬರ ಮನೆ ಬಾಗಿಲಿಗೆ ಹೋದವರಲ್ಲ. ಮೂವರು ಹೆಣ್ಣುಮಕ್ಕಳಿಗೂ ಮದುವೆಯಲ್ಲಿ ಒಂದೊಂದು ಚಾಕು ಮಾಡಿಕೊಟ್ಟು, ದೊಡ್ಡವಳ ಹಿಡಿಗೆ ಒಂದು ಗೆರೆ, ನಡುವಿನವಳದಕ್ಕೆ ಎರಡು, ಕೊನೆಯವಳಾದ ಸರೋಜಳದಕ್ಕೆ ಮೂರು ಗೆರೆ ಕೊರೆದಿದ್ದರು. ಓದು ಬರಹ ಬಾರದ ಮನುಷ್ಯ ಮಗಳ ಹೆಸರು ಬರೆದದ್ದು ಹಾಗೆ.

ಪ್ರತಿ ವರ್ಷ ಹಲಸಿನ ಕಾಲಕ್ಕೆ ಮಾವ ಒಂದು ಹಣ್ಣು ಹೊತ್ತು ಬಸ್ಸಿನಲ್ಲಿ ಬರುತ್ತಿದ್ದರು. ಬಂದವರು ಆ ಚಾಕುವನ್ನೇ ಕೇಳುತ್ತಿದ್ದರು, ತಾವೇ ಕೂತು ಹಣ್ಣು ಸೀಳಿ ತೊಳೆ ಬಿಡಿಸುತ್ತಿದ್ದರು. ಆ ವರ್ಷವೂ ಭಾನುವಾರ ಬರುತ್ತೇನೆಂದು ಮನೆ ಓನರ್ ಫೋನಿಗೆ ಸುದ್ದಿ ಬಂತು. ಅಂದು ಸೋಮವಾರ.

ಅದೇ ಸಂಜೆ ನಾನು ಅಡುಗೆಮನೆಯ ತಪಾಸಣೆಯಲ್ಲಿದ್ದೆ. ಸರೋಜ ಒಗ್ಗರಣೆ ಹಾಕಿದಳು. ಬೆರಳಿಗಂಟಿದ ಎಣ್ಣೆಯನ್ನು ಚಾಕುವಿನ ಹಿಡಿಗೆ ಸವರಿ ಕೈ ಒರೆಸಿಕೊಂಡಳು!

"ಏನೇ ಇದು? ಕೈ ಒರೆಸೋಕೆ ಮನೇಲಿ ಬಟ್ಟೆ ಇಲ್ವಾ?"

"ನಾನು ಯಾವಾಗ್ಲೂ ಹಿಂಗೇ ಕಣ್ರೀ. ನಮ್ಮಮ್ಮನೂ ಹಿಂಗೇ ಮಾಡ್ತಿದ್ದಿದ್ದು."

"ಅದಕ್ಕೇ ಹಿಡಿ ಕರ್ರಗೆ ಇದ್ದಿಲಾಗಿರೋದು. ಮಾವ ನೋಡಿದ್ರೆ ಏನಂದ್ಕೋತಾರೆ?"

"ಅವರೇನೂ ಅಂದ್ಕೊಳಲ್ಲ. ನೀವು ಅದರ ತಂಟೆಗೆ ಹೋಗ್ಬೇಡಿ ಅಷ್ಟೆ."

ತಂಟೆಗೆ ಹೋಗಬೇಡಿ ಎಂದರೆ ಇನ್‌ಸ್ಪೆಕ್ಟರ್ ಬಿಟ್ಟಾನೆಯೇ? ಮನಸ್ಸಿನಲ್ಲೇ ವರದಿ ಸಿದ್ಧವಾಯಿತು. ದೋಷ: ಹಿಡಿ ಜಿಡ್ಡುಗಟ್ಟಿದೆ. ಕಾರಣ: ಗೃಹಿಣಿಯ ನಿರ್ಲಕ್ಷ್ಯ. ಪರಿಹಾರ: ನಾನು!

ನಿಜ ಹೇಳಿಬಿಡುತ್ತೇನೆ, ಜಿಡ್ಡು ಒಂದು ನೆಪ. ಮದುವೆಯ ದಿನ ಧಾರೆ ಎರೆಯುವಾಗ ಮಾವ ನನ್ನ ಕೈ ಹಿಡಿದು, "ಅಳಿಯಂದ್ರ ಕೈ ಬೆಣ್ಣೆ ಇದ್ದಂಗೈತೆ" ಎಂದಿದ್ದರು. ಚಪ್ಪರದಲ್ಲಿದ್ದವರೆಲ್ಲ ನಕ್ಕಿದ್ದರು. ಹನ್ನೊಂದು ವರ್ಷದಿಂದ ಆ ನಗು ನನ್ನ ಕಿವಿಯಲ್ಲೇ ಇತ್ತು. ಈ ಭಾನುವಾರ ಅವರದೇ ಹಿಡಿಯನ್ನು ಹೊಳೆಹೊಳೆಯುವಂತೆ ಮಾಡಿ ಅವರ ಕೈಗಿಟ್ಟರೆ ಬೆಣ್ಣೆಯ ಮಾತು ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡೆ.

ನಮ್ಮ ಟಿ.ವಿ.ಗೆ ಕೇಬಲ್ ಇರಲಿಲ್ಲ. ಮಂಗಳವಾರ ಸಂಜೆ ಸರೋಜ ಸೀರಿಯಲ್ ನೋಡಲು ಓನರ್ ಹೆಂಡತಿಯ ಬಳಿ ಹೋದಾಗ ಕಾರ್ಯಾಚರಣೆ ಆರಂಭವಾಯಿತು. ಕುದಿಯುವ ನೀರಿಗೆ ಬಟ್ಟೆ ಸೋಡಾ ಸುರಿದು ಚಾಕುವನ್ನು ಅದರಲ್ಲಿ ಮುಳುಗಿಸಿದೆ. ಸೀರಿಯಲ್ ಮುಗಿಯುವ ಹೊತ್ತಿಗೆ ನೀರು ಕಾಫಿ ಬಣ್ಣಕ್ಕೆ ಬಂತು. ಹನ್ನೊಂದು ವರ್ಷದ ಕೊಳೆ ನೋಡು ಎಂದು ಹಿಗ್ಗಿದೆ. ಬುಧವಾರ ಬೆಳಿಗ್ಗೆ ಬಿಸಿಲಿಗಿಟ್ಟು ಕೆಲಸಕ್ಕೆ ಹೋದೆ. ಸಂಜೆ ಬಂದು ನೋಡಿದರೆ ಹಿಡಿ ಬೂದಿ ಬಣ್ಣಕ್ಕೆ ತಿರುಗಿ, ಮೈಯೆಲ್ಲ ನಾರೆದ್ದು, ನಡುವೆ ಉದ್ದಕ್ಕೆ ಬಿರುಕು ಬಿಟ್ಟಿತ್ತು. ಅಲಗು ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತಿತ್ತು.

"ಏನ್ ಮಾಡಿದ್ರಿ ಇದಕ್ಕೆ?" ಎಂದಳು ಸರೋಜ. ಧ್ವನಿ ಮೆಲ್ಲಗಿತ್ತು. ಅದು ಅಪಾಯದ ಸೂಚನೆ.

"ಇದು ಮೊದಲನೇ ಹಂತ. ಇನ್ನೂ ಫಿನಿಶಿಂಗ್ ಇದೆ" ಎಂದೆ.

ಫಿನಿಶಿಂಗ್‌ಗೆ ಮರ ಉಜ್ಜುವ ಉಪ್ಪು ಕಾಗದ ಬೇಕು. ಹಾರ್ಡ್‌ವೇರ್ ಅಂಗಡಿಯವನು "ಎಷ್ಟನೇ ನಂಬರ್ ಸಾರ್?" ಎಂದು ಕೇಳಿದ. ಗೊತ್ತಿಲ್ಲ ಎನ್ನಲು ಇನ್‌ಸ್ಪೆಕ್ಟರ್‌ಗೆ ಬಾಯಿ ಬರುವುದಿಲ್ಲ. ಚಿಕ್ಕ ನಂಬರ್ ಎಂದರೆ ಸಣ್ಣ ಮರಳು ಇರಬೇಕು ಎಂದು ತರ್ಕಿಸಿ, "ಇರೋದ್ರಲ್ಲೇ ಚಿಕ್ಕ ನಂಬರ್ ಕೊಡಿ" ಎಂದೆ ಗಂಭೀರವಾಗಿ. ನಂಬರ್ ಚಿಕ್ಕದಾದಷ್ಟೂ ಕಾಗದ ಒರಟು ಎಂಬುದು ಮೂರನೇ ಕ್ಲಾಸಿನ ಹುಡುಗನಿಗೂ ಗೊತ್ತಿರಬಹುದು, ನನಗೆ ಗೊತ್ತಿರಲಿಲ್ಲ. ಒಂದು ಗಂಟೆ ಉಜ್ಜಿದೆ. ನಾರು ಹೋಯಿತು. ದಪ್ಪ ಹೋಯಿತು. ಕೊನೆಗೆ ನೋಡಿದರೆ ಗೆರೆಗಳೂ ಹೋಗಿದ್ದವು!

ಸರೋಜ ಹಿಡಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನನ್ನ ಮೂರು ಗೆರೆ ಎಲ್ರೀ?" ಎಂದಳು. ಅವಳ ಕಣ್ಣು ತುಂಬಿತ್ತು. ಆಗಲೇ ನಾನು ನಿಲ್ಲಿಸಬೇಕಾಗಿತ್ತು. ಆದರೆ ತಪ್ಪು ಮಾಡಿದವನು ನಿಲ್ಲಿಸಿದರೆ ಅದು ತಪ್ಪೆಂದು ಒಪ್ಪಿಕೊಂಡಂತೆ, ಮುಂದುವರಿಸಿದರೆ ಅದು ಎರಡನೇ ಹಂತ.

ಪಕ್ಕದ ಮನೆಯ ಬಷೀರ್ ಸಾಬರಿಗೆ ಬಟವಾಡಿಯಲ್ಲಿ ಮರಗೆಲಸದ ಅಂಗಡಿ. ಕಾಂಪೌಂಡ್ ಮೇಲಿಂದ ಹಿಡಿ ತೋರಿಸಿ, ರಕ್ಷಣೆಗೆ ಏನು ಹಚ್ಚಬೇಕು ಎಂದು ಕೇಳಿದೆ.

"ಏನೂ ಬ್ಯಾಡ ಸಾರ್. ಅಡಿಗೆ ಎಣ್ಣೇನೇ ಒಂದೆರಡು ಹನಿ ಹಾಕಿ ತಿಕ್ಕಿ, ಒರೆಸ್ಬಿಡಿ. ದಿನಾ ಹಂಗೇ ಮಾಡ್ತಾ ಇದ್ರೆ ಅದೇ ಪಾಲಿಶು."

ಮೂವತ್ತು ವರ್ಷ ಮರದ ಜೊತೆ ಬಾಳಿದ ಮನುಷ್ಯನ ಮಾತು ಕೇಳಿ ನನಗೆ ಅನ್ನಿಸಿದ್ದೇನು ಗೊತ್ತೆ? ಕಸುಬಿನ ಗುಟ್ಟು ಮುಚ್ಚಿಡುತ್ತಿದ್ದಾರೆ ಎಂದು!

ಹಾಗಾಗಿ ಮರುದಿನ, ಗುರುವಾರ, ಕಾರ್ಖಾನೆಯಲ್ಲಿ ಗುಬ್ಬಿಯ ಸಿದ್ದರಾಜು ಎಂಬ ಫಿಟ್ಟರ್‌ನನ್ನು ವಿಚಾರಿಸಿದೆ. ಅವನ ಪೀಸುಗಳನ್ನು ನಾನು ವಾರಕ್ಕೆ ನಾಲ್ಕು ಸಲ ರಿಜೆಕ್ಟ್ ಮಾಡುತ್ತಿದ್ದೆ. ಅಡುಗೆಮನೆಯ ಚಾಕು ಎಂದರೆ ಮರ್ಯಾದೆ ಏನುಳಿಯುತ್ತದೆ? "ಮರಕ್ಕೆ ಗಟ್ಟಿ ರಕ್ಷಣೆ ಬೇಕು" ಎಂದಷ್ಟೇ ಹೇಳಿದೆ.

"ಹೊಂಗೆ ಎಣ್ಣೆ ಸಾರ್! ನಮ್ಮಪ್ಪ ಎತ್ತಿನ ಗಾಡಿಗೆ ಅದನ್ನೇ ಬಳಿಯೋದು. ಗೆದ್ಲು ಅತ್ಲಾಗೆ ತಲೆ ಹಾಕಲ್ಲ" ಎಂದ. ಊಟದ ಬಿಡುವಿನಲ್ಲೇ ಹೋಗಿ ಒಂದು ಬಾಟಲಿ ತಂದೂ ಕೊಟ್ಟ. ಆ ದಿನ ಅವನ ಪೀಸುಗಳೆಲ್ಲ ಪಾಸಾದವು. ಒಂದು ಬಾಟಲಿ ಹೊಂಗೆ ಎಣ್ಣೆಗೆ ಗುಣಮಟ್ಟ ಅಷ್ಟು ಬಗ್ಗುತ್ತದೆ.

ಸಂಜೆ ಹಿಡಿಗೆ ಧಾರಾಳವಾಗಿ ಕುಡಿಸಿದೆ. ಬಿರುಕಿನೊಳಕ್ಕೂ ಬಿಟ್ಟೆ. ಮನೆಯೆಲ್ಲ ಗಬ್ಬು ನಾತ. ಶುಕ್ರವಾರ ಬೆಳಿಗ್ಗೆ ಸರೋಜ ಮೂಗು ಮುಚ್ಚಿಕೊಂಡು ಅದರಲ್ಲೇ ಕೋಸಂಬರಿಗೆ ಸೌತೆಕಾಯಿ ಹೆಚ್ಚಿದಳು. ಬಾಯಿಗಿಟ್ಟರೆ ಕಹಿ! "ಸೌತೆಕಾಯಿ ರಿಜೆಕ್ಟ್" ಎಂದು ಘೋಷಿಸಿದೆ. ಇನ್ನೊಂದು ಹೆಚ್ಚಿದಳು. ಅದೂ ಕಹಿ. ಸ್ಕೂಟರ್ ಹತ್ತಿ ಹೋಗಿ ತರಕಾರಿ ಮಾರುವ ಹೆಂಗಸಿನ ಜೊತೆ ಜಗಳ ಮಾಡಿದೆ. ಆಕೆ ಅದೇ ರಾಶಿಯಿಂದ ಒಂದನ್ನು ಮುರಿದು ನನ್ನ ಬಾಯಿಗೇ ತುರುಕಿದಳು. ಸಿಹಿಯಾಗಿತ್ತು!

ಕಾರ್ಖಾನೆಗೆ ಹೋಗಿ ಸಿದ್ದರಾಜುವಿಗೆ ಗುಟ್ಟಾಗಿ ಹೇಳಿದೆ. ಅವನು ಗುಟ್ಟಾಗಿ ಕೇಳಲಿಲ್ಲ. "ಅಡಿಗೆಮನೆ ಚಾಕುಗಾ ಸಾರ್?! ಅದು ಗಾಡಿಗೆ ಸಾರ್! ತಿನ್ನೋ ಎಣ್ಣೆ ಅಲ್ಲ ಸಾರ್ ಅದು!" ಇಡೀ ಶೆಡ್ಡಿಗೆ ಕೇಳಿಸಿತು. ಲೇತ್ ಮೆಷಿನ್‌ಗಳು ಕೂಡ ಒಂದು ಕ್ಷಣ ನಿಂತ ಹಾಗಾಯಿತು.

ಆದರೂ ಧೃತಿಗೆಡಲಿಲ್ಲ. ನಾತವನ್ನೂ ಕಹಿಯನ್ನೂ ಒಳಗೇ ಕೂಡಿಹಾಕಲು ಮೇಲೆ ವಾರ್ನಿಶ್ ಬಳಿದರಾಯಿತು! ಶುಕ್ರವಾರ ಸಂಜೆ ಒಂದು ಕೋಟು. ಶನಿವಾರ ಬೆಳಿಗ್ಗೆ ಒಣಗಿರಲಿಲ್ಲ. ಸಾಲದಾಯಿತೇನೋ ಎಂದು ಇನ್ನೊಂದು ಕೋಟು ಕೊಟ್ಟೆ, ಸಂಜೆ ಮೂರನೆಯದು. ಹಿತ್ತಲಿನ ಬಟ್ಟೆ ತಂತಿಗೆ ನೇತುಹಾಕಿದ್ದ ಚಾಕುವಿನ ಹಿಡಿಗೆ ಎರಡು ನೊಣ, ಒಂದು ಇರುವೆ ಖಾಯಂ ನಿವಾಸಿಗಳಾದವು. ಮಳೆಗಾಲದ ಮೋಡ ಬೇರೆ.

ಬಷೀರ್ ಸಾಬರು ಕಾಂಪೌಂಡ್ ಮೇಲಿಂದ ನೋಡಿ ನಿಟ್ಟುಸಿರುಬಿಟ್ಟರು. "ಎಣ್ಣೆ ಕುಡ್ದಿರೋ ಮರದ ಮೇಲೆ ವಾರ್ನಿಶ್ ಕೂರಲ್ಲ ಸಾರ್. ಒಣಗುತ್ತೆ, ಒಣಗಲ್ಲ ಅಂತಿಲ್ಲ. ಬರೋ ಯುಗಾದಿಗೆ ಒಣಗ್ಬೋದು."

ಭಾನುವಾರ ಬಂದೇ ಬಂತು. ಹತ್ತು ಗಂಟೆಗೆ ಮಾವನೂ ಬಂದರು. ಹಣ್ಣನ್ನು ಗೋಣಿಚೀಲದ ಮೇಲಿಳಿಸಿ, ಪಂಚೆ ಎತ್ತಿ ಕಟ್ಟಿ, "ಸರೋಜಾ, ಚಾಕು ತತ್ತಾರವ್ವ" ಎಂದರು.

ಶುಕ್ರವಾರದಿಂದ ನನ್ನ ಜೊತೆ ಮಾತು ಬಿಟ್ಟಿದ್ದ ಸರೋಜ ನನ್ನ ಮುಖ ನೋಡಿದಳು. ನಾನೇ ಎದ್ದು ಹಿತ್ತಲಿಗೆ ಹೋದೆ. ಹಿಡಿ ಮಾವನ ಕಣ್ಣಿಗೆ ಬೀಳದಿದ್ದರೆ ಸಾಕು ಎಂದು ಅದನ್ನು ಮುಷ್ಟಿಯೊಳಗೆ ಬಿಗಿಯಾಗಿ ಮುಚ್ಚಿ ಹಿಡಿದು ಬಂದೆ.

"ನೀವು ಕೂತ್ಕೊಳಿ ಮಾವ. ಈ ಸಲ ನಾನೇ ಹೆಚ್ತೀನಿ."

"ಓಹೋ! ಕೈಗೆ ಎಣ್ಣೆ ಹಚ್ಕಳಿ ಮತ್ತೆ, ಮೇಣ ಹಿಡೀತದೆ."

ಎಣ್ಣೆ ಹಚ್ಚಲು ಮುಷ್ಟಿ ಬಿಚ್ಚಬೇಕು. ಬಿಚ್ಚಿದರೆ ಹಿಡಿ ಕಾಣುತ್ತದೆ. "ಬೇಡ ಮಾವ" ಎಂದು ಹಣ್ಣಿಗೆ ಚಾಕು ಹಾಕಿಯೇಬಿಟ್ಟೆ. ಹಾಲಿನಂಥ ಮೇಣ ಹರಿದು ಬೆರಳು, ಮುಷ್ಟಿ, ಮುಂಗೈ ಎಲ್ಲ ತುಂಬಿತು. ಒಳಗೆ ವಾರ್ನಿಶ್, ಹೊರಗೆ ಹಲಸಿನ ಮೇಣ! ಹಣ್ಣು ಮಾತ್ರ ಅರ್ಧವೂ ಸೀಳಿರಲಿಲ್ಲ.

"ನಿಮಗಾಗಕಿಲ್ಲ, ಇತ್ಲಾಗ್ ಕೊಡಿ ಅಳಿಯಂದ್ರೇ" ಎಂದರು ಮಾವ. ನಾನು ಕೈ ಚಾಚಿದೆ. ಅವರು ಹಿಂದಕ್ಕೆ ಸರಿದರು. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಕೊಡುವವರು ನೆಲಕ್ಕಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು.

"ಕೈಗ್ ಕೊಡಬಾರ್ದು. ಕೆಳಗೆ ಮಡಗಿ."

"ಹೂಂ ಮಾವ." ಬಗ್ಗಿ ನೆಲಕ್ಕಿಟ್ಟೆ. ಎದ್ದೆ. ಚಾಕುವೂ ನನ್ನ ಜೊತೆ ಎದ್ದಿತು!

"ಮಡಗಿ ಅಂದ್ನಲ್ಲ?"

"ಮಡಗ್ದೆ ಮಾವ." ಮತ್ತೆ ಬಗ್ಗಿದೆ. ಮತ್ತೆ ಎದ್ದೆವು, ನಾನು ಮತ್ತು ಚಾಕು.

ಮೂರನೇ ಸಲ ಬಗ್ಗಿದಾಗ ಮಾವ ಗಾಬರಿಯಾಗಿ, "ಕಾಲಿಗ್ಯಾಕೆ ಬೀಳ್ತೀರಿ? ಏಳಿ, ಏಳಿ! ಅಂಥದ್ದೇನಾಯ್ತು?" ಎಂದರು.

"ಕಾಲಿಗೆ ಬೀಳ್ತಿಲ್ಲ ಕಣಪ್ಪಾ. ಚಾಕು ಕೈಗೆ ಅಂಟ್ಕೊಂಡದೆ" ಎಂದಳು ಸರೋಜ. ಎರಡು ದಿನದ ಮೌನ ಮುರಿದದ್ದು ಆ ಸತ್ಯವಾಕ್ಯದಿಂದ.

ಮಾವ ಕಡಲೆಕಾಯಿ ಎಣ್ಣೆ ತರಿಸಿ, ಹಲಸಿನ ಮೇಣ ಬಿಡಿಸುವ ಹಾಗೆ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಚಾಕು ಕೊನೆಗೂ ನೆಲಕ್ಕೆ ಬಿತ್ತು. ಜೊತೆಗೆ ನನ್ನ ಅಂಗೈ ಚರ್ಮ ಸ್ವಲ್ಪ ಹೋಯಿತು.

ಅವರು ಚಾಕು ಎತ್ತಿಕೊಂಡರು. ಮೂಸಿದರು. ಹೆಬ್ಬೆರಳು ಹಿಡಿಯ ಮೇಲೆ ಅಲ್ಲಿ ಇಲ್ಲಿ ತಡಕಾಡಿತು. ಏನು ಹುಡುಕುತ್ತಿದ್ದಾರೆಂದು ನನಗೆ ಗೊತ್ತಿತ್ತು. ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಗೆರೆ ಎಲ್ಲವ್ವ?"

"ಇವರು ಫಿನಿಶಿಂಗ್ ಮಾಡಿದ್ರಪ್ಪ."

ಮಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಹೋಗ್ಲಿ ಬುಡು, ಇನ್ನೊಂದು ಕೆತ್ತಾನ. ಒಣಗಿದ ಒಳ್ಳೆ ಮರ ಏನಾರ ಐತಾ ಮನೇಲಿ?" ಎಂದರು.

ಬಾಡಿಗೆ ಮನೆಯಲ್ಲಿ ಒಳ್ಳೆ ಮರ ಎಲ್ಲಿಂದ ಬರಬೇಕು? ನಾನು ಇಲ್ಲ ಎಂದು ತಲೆಯಾಡಿಸುತ್ತಿದ್ದೆ. ಸರೋಜಳ ದೃಷ್ಟಿ ನಿಧಾನವಾಗಿ ಟಿ.ವಿ. ಮೇಲಕ್ಕೆ ಹೋಯಿತು.

"ಸರೋಜಾ! ಅದು ಪ್ರಶಸ್ತಿ ಕಣೇ!"

"ಗೊತ್ತು. ದಿನಾ ಒರೆಸೋಳು ನಾನೇ ಅಲ್ವಾ?"

ಬಷೀರ್ ಸಾಬರು ಗರಗಸ, ಉಳಿ ತಂದರು. ಹಲಗೆಯನ್ನು ಬೆರಳಲ್ಲಿ ತಟ್ಟಿ, "ಪಸಂದಾಗಿದೆ ಸಾರ್ ಮರ. ಸುಮ್ನೆ ಟಿ.ವಿ. ಮೇಲೆ ಕೂತಿತ್ತು ಪಾಪ" ಎಂದರು. ಹಿತ್ತಾಳೆಯ ತಗಡನ್ನು ಕಿತ್ತು ನನ್ನ ಕೈಗೆ ಕೊಟ್ಟರು. ಅದನ್ನು ಕೈಯಿಂದ ಕೈಗೆ ಕೊಡಬಹುದಂತೆ. ಮಧ್ಯಾಹ್ನದ ಹೊತ್ತಿಗೆ ಆ ಹಲಗೆಯಿಂದ ಮಾವ ಕೆತ್ತಿದ ಹೊಸ ಹಿಡಿ ಸಿದ್ಧವಾಯಿತು. ಅದಕ್ಕೆ ಕಡಲೆಕಾಯಿ ಎಣ್ಣೆ ಸವರಿ, ಉಳಿಯ ತುದಿಯಿಂದ ಮೂರು ಗೆರೆ ಎಳೆದರು. ಸರೋಜ ಅದರ ಮೇಲೆ ಬೆರಳಾಡಿಸಿ ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು. ಸಂಜೆ ಕುಣಿಗಲ್ ಬಸ್ ಹತ್ತುವಾಗ ಮಾವ ನನ್ನ ಕೈ ಹಿಡಿದು ನೋಡಿ, "ಈಗ ಸ್ವಲ್ಪ ಒರಟಾಗೈತೆ" ಎಂದರು. ಚರ್ಮ ಕಿತ್ತುಹೋಗಿದ್ದಕ್ಕೆ ಹಾಗೆಂದರೋ, ಮೆಚ್ಚಿ ಹಾಗೆಂದರೋ, ಕೇಳುವ ಧೈರ್ಯವಾಗಲಿಲ್ಲ.

ಚಾಕು ಈಗಲೂ ಇದೆ. ಹಿಡಿ ಮತ್ತೆ ಕರ್ರಗೆ, ನುಣ್ಣಗೆ ಆಗಿದೆ. ಒಗ್ಗರಣೆಯಾದ ಮೇಲೆ ಅದಕ್ಕೆ ಎಣ್ಣೆ ಸವರಿ ಒರೆಸುವ ಕೆಲಸ ನನ್ನದು. ಒರೆಸಿ ಕೆಳಗಿಡುತ್ತೇನೆ. ಸರೋಜ ಎತ್ತಿಕೊಂಡು, ಕಣ್ಣು ಕಿರಿದು ಮಾಡಿ, ಬೆಳಕಿಗೆ ಹಿಡಿದು ನೋಡಿ, "ಸಾಲ್ದು. ಇನ್ನೊಂದ್ಸಲ ಒರೆಸಿ" ಎನ್ನುತ್ತಾಳೆ. ಮತ್ತೆ ಒರೆಸುತ್ತೇನೆ. ಪ್ರಶಸ್ತಿಯನ್ನು ದಿನಾ ಒರೆಸಬೇಕು ಎಂದು ನಿಯಮ ಮಾಡಿದವನು ನಾನೇ ತಾನೆ!