ಗೋಡೆಯಿಂದ ನಾಲ್ಕು ಅಡಿ

ನಮ್ಮ ಗಲ್ಲಿಯಲ್ಲಿ ನೆಲದ ಮೇಲೆ ಏನೇನಿದೆ ಎನ್ನುವುದು ಎಲ್ಲರಿಗೂ ಗೊತ್ತು. ನೆಲದ ಕೆಳಗೆ ಏನಿದೆ ಎನ್ನುವುದು ನನಗೊಬ್ಬನಿಗೇ ಗೊತ್ತು! ಕಳೆದ ಬೇಸಿಗೆಯವರೆಗೂ ಈ ಮಾತನ್ನು ನಾನು ಹೊಸಪೇಟೆಯ ತುಂಬ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಎಂಬುದನ್ನು ಬರೆದು ಒಪ್ಪಿಸಿಬಿಡೋಣವೆಂದು ಕೂತಿದ್ದೇನೆ. ಎಪ್ಪತ್ತೈದಕ್ಕೆ ಬಂದವನು ತಪ್ಪೊಪ್ಪಿಗೆಯನ್ನು ಮುಂದಕ್ಕೆ ಹಾಕಬಾರದು.

ನನ್ನ ಅರ್ಹತೆಯನ್ನು ಮೊದಲು ಹೇಳುತ್ತೇನೆ. ಹೆಸರು ಕೊಟ್ರಪ್ಪ. ಎಸ್ಸೆಸ್ಸೆಲ್ಸಿ ಪಾಸು. ಸಂಡೂರಿನ ಗಣಿಯೊಂದರಲ್ಲಿ ಲಾರಿಗಳ ತೂಕ ಬರೆಯುವ ಗುಮಾಸ್ತನಾಗಿ ಮೂವತ್ತು ವರ್ಷ ದುಡಿದವನು. ಹೀಗಾಗಿ ಅಳತೆ, ತೂಕ, ಬರವಣಿಗೆ ಈ ಮೂರರ ಮೇಲೆ ನನಗೆ ವಿಪರೀತ ನಂಬಿಕೆ. ನಮ್ಮ ಗಲ್ಲಿಗೆ ಮೊದಲ ಸಲ ನಲ್ಲಿ ನೀರು ಬಂದಾಗ, ದೊಡ್ಡ ರಸ್ತೆಯಿಂದ ಒಳಗಿನವರೆಗೆ ನೆಲ ಅಗೆದು ಪೈಪು ಹಾಕಿಸಿಕೊಂಡವರು ಗಲ್ಲಿಯ ಜನರೇ. ಅವತ್ತು ಟೇಪು ಹಿಡಿದವನು ನಾನು. ಅಳತೆಯನ್ನು ಡೈರಿಯಲ್ಲಿ ಬರೆದಿಟ್ಟವನೂ ನಾನೇ. ಹಾರೆ, ಗುದ್ದಲಿ ಹಿಡಿದವರಲ್ಲಿ ಈಗ ಯಾರೂ ಇಲ್ಲ. ಉಳಿದದ್ದು ಮೂರೇ: ನಾನು, ಡೈರಿ ಮತ್ತು ಪೈಪು.

ನಮ್ಮ ಮನೆಯ ಮುಂದೆ ಒಂದು ಕಟ್ಟೆಯೂ ಇತ್ತು. ಕಡಪ ಕಲ್ಲು ಹಾಸಿದ ಕಟ್ಟೆ. ಕೊರಿಯರಿನವರು ಕೂಡ "ಕೊಟ್ರಪ್ಪನ ಕಟ್ಟಿ ಎಲ್ಲೈತ್ರೀ?" ಎಂದೇ ಕೇಳಿಕೊಂಡು ಬರುತ್ತಿದ್ದರು. ಅದರ ಮೇಲೆ ಕೂತು ನಾನು ಗಲ್ಲಿಯ ಆಡಳಿತ ನಡೆಸುತ್ತಿದ್ದೆ. ಯಾರ ಬೈಕು ಅಡ್ಡ ನಿಂತಿದೆ, ಯಾರ ಮೆಟ್ಟಿಲು ರಸ್ತೆಗೆ ಬಂದಿದೆ, ಎಲ್ಲದರ ಮೇಲೂ ನನ್ನ ಕಣ್ಣು.

ಎದುರು ಮನೆಯ ಶರಣಮ್ಮನದು ಖಾನಾವಳಿ. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ ಬಡಿದು ಬದುಕು ಕಟ್ಟಿಕೊಂಡ ಹೆಂಗಸು. ಅವಳ ಮೆಟ್ಟಿಲು ಒಂದಡಿ ರಸ್ತೆಗೆ ಬಂದಿದೆಯೆಂದು ಕೆಲವು ವರ್ಷಗಳ ಹಿಂದೆ ಅರ್ಜಿ ಬರೆದ ಪುಣ್ಯಾತ್ಮ ನಾನೇ. "ಸಾರ್ವಜನಿಕ ರಸ್ತೆಯು ಸಾರ್ವಜನಿಕರದಾಗಿರುತ್ತದೆ" ಎಂದು ಅದರಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದೆ. ಪಾಪ, ಶರಣಮ್ಮ ತಕರಾರು ಮಾಡದೆ ಒಂದು ಮೆಟ್ಟಿಲು ಒಡೆಸಿದಳು. ಅಂದಿನಿಂದ ಅಲ್ಲಿಗೆ ಊಟಕ್ಕೆ ಬರುವ ಲಾರಿ ಡ್ರೈವರುಗಳು ಕುದುರೆ ಹತ್ತುವವರ ಹಾಗೆ ಕಾಲೆತ್ತಿ ಒಳಗೆ ಹೋಗುತ್ತಾರೆ.

ಕಳೆದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಹಾಲು ಹಾಕದ ಚಹಾ ಬಂತು. ಬಣ್ಣ ಚಹಾದ್ದು, ವಾಸನೆ ಚರಂಡಿಯದು. ಎಲ್ಲೋ ಪೈಪು ಒಡೆದು ಗಟಾರದ ನೀರು ಒಳಗೆ ಸೇರುತ್ತಿತ್ತು. ಶರಣಮ್ಮ ಖಾನಾವಳಿಯ ಬಾಗಿಲಿಗೆ ಹಲಗೆ ನೇತುಹಾಕಿದಳು: "ನೀರು ಬಂದ ಮೇಲೆ ಊಟ."

"ಕುಡಿಯಾಕ ಕ್ಯಾನಿನ ನೀರು ತರಿಸಬೌದ್ರಿ ಅಣ್ಣಾರ," ಎಂದಳು ನನ್ನ ಕಟ್ಟೆಯ ಹತ್ತಿರ ಬಂದು. "ಮೂವತ್ತು ಮಂದಿ ಉಂಡ ಗಂಗಾಳ ಕ್ಯಾನಿನ ನೀರಾಗ ತೊಳಿಯಾಕ ಆಗ್ತೈತೇನು? ಗಿರಾಕಿ ಒಮ್ಮೆ ಬ್ಯಾರೆ ಕಡಿ ಉಣ್ಣಾಕ ಕಲಿತ್ರ ಮುಗೀತು. ಈ ವಾರದಾಗ ಸರಿ ಆಗ್ಲಿಲ್ಲಂದ್ರ ಬಾಗ್ಲಾ ಹಾಕ್ಕೊಂಡು ಮರಿಯಮ್ಮನಹಳ್ಳಿಗೆ ನಮ್ಮಣ್ಣನ ಮನೀಗೆ ಹೋಗೋದ."

"ನಾನಿದ್ದೀನಿ, ಯಾಕ ಚಿಂತಿ ಮಾಡ್ತಿ?" ಎಂದೆ.

ಈ ಮಾತನ್ನು ದಯವಿಟ್ಟು ನೆನಪಿಡಿ. ಶರಣಮ್ಮನಂತೂ ಮರೆತಿಲ್ಲ.

ಮರುದಿನ ನೀರಿನ ಎಂಜಿನಿಯರ್ ಬಂದಳು. ಕಂಪ್ಲಿ ಕಡೆಯ ಚುರುಕು ಹುಡುಗಿ. ಹಿಂದೆಯೇ ಜೆಸಿಬಿ ಹತ್ತಿಕೊಂಡು ಗಾದಿಗನೂರಿನ ಮಾಬುಸಾಬ್ ಬಂದ. ಹುಡುಗಿ ಮೊಬೈಲಿನಲ್ಲಿ ನಕ್ಷೆ ಹಿಗ್ಗಿಸಿ, ಕುಗ್ಗಿಸಿ ನೋಡಿದಳು.

"ದೊಡ್ಡ ರಸ್ತೆ ಪೈಪು ಇದರಾಗೈತಿ. ಈ ಗಲ್ಲೀದು ನೀವ ಹಾಕ್ಸಿಕೊಂಡಿದ್ದಂತಲ್ಲ, ಅದು ಇಲ್ಲ. ಎಲ್ಲಿ ಹೋಗೈತಂತ ಯಾರಿಗಾದ್ರೂ ಗೊತ್ತೈತೇನ್ರಿ?"

ಈ ಪ್ರಶ್ನೆಗಾಗಿ ನಾನು ಇಷ್ಟು ವರ್ಷ ಬದುಕಿದ್ದೆ! ಒಳಗೆ ಹೋಗಿ, ಟ್ರಂಕಿನ ತಳದಿಂದ ಡೈರಿ ತೆಗೆದು, ಧೂಳು ಕೊಡವಿ, ಕಟ್ಟೆಯ ಮೇಲೆ ನಿಂತು, ಗಂಟಲು ಸರಿಮಾಡಿಕೊಂಡು ಓದಿದೆ: "ನಮ್ಮ ಮನೆಯ ಮುಂದಿನ ಗೋಡೆಯಿಂದ ನಾಲ್ಕು ಅಡಿ. ಆಳ ಮೂರು ಅಡಿ."

"ತಾತಾ, ನಿಮ್ಮಂಥೋರು ಗಲ್ಲಿಗೊಬ್ರು ಇದ್ರ ನಮ್ಮ ಕೆಲ್ಸ ಭಾಳ ಸಲೀಸು," ಎಂದಳು ಎಂಜಿನಿಯರ್. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಪಾರ್ವತಿ ಒಂದು ಸಲ ಕೆಮ್ಮಿದಳು. ಆ ಕೆಮ್ಮು ಯಾಕೆಂದು ಆಗಲೇ ಕೇಳಬೇಕಿತ್ತು.

ಟೇಪು ಗೋಡೆಯಿಂದ ಹೊರಟಿತು. ಕಟ್ಟೆಯ ಮೇಲೆ ಹಾದು, ರಸ್ತೆಗೆ ಇಳಿದು, ಕಟ್ಟೆಯ ಅಂಚಿನಿಂದ ಒಂದಡಿ ಆಚೆ ನಿಂತಿತು. ನಾನು ರಂಗೋಲಿ ಪುಡಿಯಿಂದ ಗೆರೆ ಎಳೆದೆ. ಮಾಬುಸಾಬ್ ಅಗೆದ. ಮೂರಡಿ ಅಗೆದ. ನಾಲ್ಕಡಿ ಅಗೆದ. ಎಡಗಾಲಿನ ಒಂದು ಚಪ್ಪಲಿ ಸಿಕ್ಕಿತು. ಪೈಪು ಸಿಗಲಿಲ್ಲ.

"ಅವತ್ತು ಟೇಪು ಸ್ವಲ್ಪ ಸಡಿಲ ಇದ್ದಿರಬೇಕು," ಎಂದೆ ಧೈರ್ಯದಿಂದ. "ಇನ್ನೆರಡು ಅಡಿ ಆಚಿ ಹೋಗು."

ಆಚೆ ಹೋದ. ಟಣ್ ಎಂದಿತು. "ಸಿಕ್ತು!" ಎಂದು ಕೂಗಿದೆ. ಸಿಕ್ಕಿದ್ದು ಕಲ್ಲು. ಕಲ್ಲಿನ ಪಕ್ಕದಲ್ಲಿ ಕರಿಯ ಕೇಬಲ್ಲು. ಅದು ಎರಡು ತುಂಡಾಗಿತ್ತು. ಗಲ್ಲಿಯ ಎಲ್ಲ ಮನೆಗಳ ಟಿವಿಗಳು ಒಂದೇ ಉಸಿರಿನಲ್ಲಿ ಸುಮ್ಮನಾದವು.

ಪಾರ್ವತಿ ಹೊರಗೆ ಓಡಿ ಬಂದಳು. "ಮೂರು ತಿಂಗ್ಳಿಂದ ಕಾಯಾಕ ಹತ್ತೀನ್ರೀ! ಇವತ್ತ ಆಕಿಗೆ ಗಂಡನ ನಿಜ ಗೊತ್ತಾಗೋದಿತ್ತು!"

"ಯಾರಿಗೆ?"

"ಧಾರಾವಾಹ್ಯಾಗಿನ ಸೊಸಿಗೆ! ನನಗ ನನ್ನ ಗಂಡಂದು ಎಲ್ಲಾ ಗೊತ್ತೈತಿ."

ಅಷ್ಟರಲ್ಲಿ ಹಂಪಿಗೆ ಹೊರಟು ದಾರಿ ತಪ್ಪಿದ್ದ ಇಬ್ಬರು ಪ್ರವಾಸಿಗರು ಬಂದರು. ಎರಡು ಗುಂಡಿಗಳನ್ನೂ ಎಡಗಾಲಿನ ಚಪ್ಪಲಿಯನ್ನೂ ನೋಡಿ, ಉತ್ಖನನ ನಡೆದಿದೆ ಎಂದುಕೊಂಡು ಭಕ್ತಿಯಿಂದ ಫೋಟೋ ತೆಗೆದುಕೊಂಡರು. ನನಗೆ ಅವಮಾನವಾಯಿತು. "ನೋಡವ್ವಾ, ಹಂಪ್ಯಾಗ ರಾಜರ ಕಾಲದ ಕಲ್ಲಿನ ಕಾಲುವಿ ಇವತ್ತಿಗೂ ಕಣ್ಣಿಗೆ ಕಾಣ್ತೈತಿ. ನಾವು ಮೊನ್ನೆ ಮೊನ್ನೆ ಹಾಕಿದ ಪೈಪು ಕಾಣವಲ್ದು," ಎಂದೆ ಎಂಜಿನಿಯರಿಗೆ.

"ಅವರು ಕಂಬದ ಮ್ಯಾಲ ಇಟ್ಟಿದ್ರು ತಾತಾ," ಎಂದಳು ಹುಡುಗಿ. "ಮುಂದ ನಿಮ್ಮಂಥೋರನ್ನ ಕೇಳೋ ಪ್ರಸಂಗ ಬರಬಾರ್ದಂತ."

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರು. ನಾನು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದೆ. ಪಾರ್ವತಿ ಚಹಾ ಕೊಟ್ಟು, ಗುಂಡಿಗಳ ಕಡೆ ನೋಡುತ್ತ ಕೇಳಿದಳು: "ರೀ, ಪೈಪು ಹಾಕ್ದಾಗ ಈ ಕಟ್ಟಿ ಇತ್ತೇನು?"

ಚಹಾ ಬಾಯಿಯವರೆಗೆ ಬಂದದ್ದು ಅಲ್ಲೇ ನಿಂತಿತು.

ಇರಲಿಲ್ಲ. ಪೈಪು ಹಾಕಿದ ಮೇಲೆ ನನಗೆ ಪಡಸಾಲೆ ಇಕ್ಕಟ್ಟೆನಿಸಿತ್ತು. ಮುಂದಿನ ಗೋಡೆ ಕೆಡವಿ ಎರಡು ಅಡಿ ರಸ್ತೆಯ ಕಡೆ ಕಟ್ಟಿಸಿದೆ. ಗೋಡೆ ಬಂದ ಮೇಲೆ ಕಟ್ಟೆಯೊಂದು ಬೇಡವೇ? ಅದಕ್ಕೆ ಇನ್ನೂ ಮೂರು ಅಡಿ. ಒಟ್ಟು ಐದು ಅಡಿ ಸಾರ್ವಜನಿಕ ರಸ್ತೆಯು ಕೊಟ್ರಪ್ಪನದಾಯಿತು. ಅಂದರೆ ಡೈರಿ ಸುಳ್ಳು ಹೇಳಿರಲಿಲ್ಲ. ಟೇಪು ಸಡಿಲವಿರಲಿಲ್ಲ. ಪೈಪು ಹಾಕಿದ ಜಾಗದಲ್ಲೇ ಇತ್ತು. ಓಡಾಡಿದ್ದು ಗೋಡೆ! ಪೈಪು ಇದ್ದದ್ದು ನನ್ನ ಕಟ್ಟೆಯ ಹೊಟ್ಟೆಯೊಳಗೆ.

ಇಷ್ಟು ವರ್ಷ ಅಲ್ಲೇ ಕೂತು ಬೇರೆಯವರ ಮೆಟ್ಟಿಲು ಅಳೆದವನಿಗೆ ಇದು ಮರೆತೇಹೋಗಿತ್ತು. ನಿಜವಾಗಿಯೂ ಮರೆತಿತ್ತು. ಇಲ್ಲಿಯವರೆಗಿನದು ಮುಪ್ಪಿನ ತಪ್ಪು, ಕ್ಷಮಿಸಬಹುದು.

ಇನ್ನು ಮುಂದಿನದು ಪಾಪ.

"ಹೋಗಿ ಹೇಳ್ರಿ," ಎಂದಳು ಪಾರ್ವತಿ.

"ಹೇಳ್ತೀನಿ," ಎಂದೆ. ಕಡಪ ಕಲ್ಲಿನ ಮೇಲೆ ಕೈಯಾಡಿಸಿದೆ. ತಣ್ಣಗಿತ್ತು. ಎಂಜಿನಿಯರ್ ಊಟ ಮುಗಿಸಿ ಬಂದು "ಈಗ ಎಲ್ಲಿ ತಾತಾ?" ಎಂದಾಗ ನನ್ನ ಕೈ ತಾನಾಗಿಯೇ ಎದ್ದು, ಕಟ್ಟೆಯಿಂದ ಆದಷ್ಟು ದೂರದ ಜಾಗವನ್ನು ತೋರಿಸಿತು. ಅದು ಶರಣಮ್ಮನ ಬಾಗಿಲು.

ಮೂರನೇ ಗುಂಡಿಯಲ್ಲಿ ಒಂದು ಪೈಪು ಖಂಡಿತ ಸಿಕ್ಕಿತು. ಅದು ಕಕ್ಕಸಿನದು! ಜೆಸಿಬಿಯ ಹಲ್ಲು ತಾಗಿ ಅದೂ ಒಡೆಯಿತು. ಗಲ್ಲಿಯ ಜನ ಮೂಗು ಮುಚ್ಚಿಕೊಂಡು ಒಳಗೆ ಓಡಿದರು. ಒಳಗೆ ಹೋದರೂ ಉಪಯೋಗವಿಲ್ಲವೆಂದು ತಿಳಿದು ಹೊರಗೆ ಬಂದರು. ಒಂದು ಊರಿಗೆ ನೀರು, ಕೇಬಲ್ಲು, ಒಳಚರಂಡಿ ಇವನ್ನೆಲ್ಲ ಒದಗಿಸಲು ಎಷ್ಟೋ ಜನ ಎಷ್ಟೋ ವರ್ಷ ಹೆಣಗುತ್ತಾರೆ. ಅಷ್ಟನ್ನೂ ಒಂದೇ ದಿನದಲ್ಲಿ, ಒಂದು ಡೈರಿ ಮತ್ತು ಒಂದು ತೋರುಬೆರಳಿನಿಂದ ಬಂದ್ ಮಾಡಿಸಿದ ಕೀರ್ತಿ ನನ್ನದಾಯಿತು.

ಮಾಬುಸಾಬ್ ಜೆಸಿಬಿಯಿಂದ ಇಳಿದು ಬೆವರು ಒರೆಸಿಕೊಂಡ. "ತಾತಾ, ಹಿಂಗ ತೋಡ್ಕೊಂತ ಹೋದ್ರ ನಾಳೆ ಸಂಜೀಕ ನಮ್ಮ ಗಾದಿಗನೂರಾಗ ಏಳ್ತೀನಿ ನೋಡ್ರಿ. ಬಸ್ಸಿನ ಖರ್ಚು ಉಳೀತು."

ಮರುದಿನ ಬೆಳಿಗ್ಗೆ ಶರಣಮ್ಮ ತನ್ನ ಬಾಗಿಲ ಮುಂದಿನ ಗುಂಡಿಗೆ ಹಾಕಿದ ಹಲಗೆಯ ಮೇಲೆ, ಸೆರಗು ಸಿಕ್ಕಿಸಿಕೊಂಡು, ಒಂದೊಂದೇ ಹೆಜ್ಜೆಯಿಟ್ಟು ದಾಟಿ ಬಂದಳು. ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಬಿಸಿ ಮಿರ್ಚಿ ಭಜಿ, ಪಕ್ಕದಲ್ಲಿ ಒಂದು ಲೋಟ ಚಹಾ.

"ತಿನ್ರಿ ಅಣ್ಣಾರ. ಕ್ಯಾನಿನ ನೀರಾಗ ಮಾಡೀನಿ, ಹೆದರಬ್ಯಾಡ್ರಿ. ನಮ್ಮ ಸಲುವಾಗಿ ನಿನ್ನಿ ಪೂರ್ತಿ ಬಿಸಿಲಾಗ ಕುಂತಿದ್ರಿ." ಆಮೇಲೆ ಮೆಲ್ಲಗೆ ಹೇಳಿದಳು: "ಅಣ್ಣಗ ಫೋನ್ ಮಾಡೀನಿ. ಶನಿವಾರ ಟೆಂಪೋ ತರ್ತಾನಂತ. ಪಾತ್ರಿಗಳನ್ನ ಕಟ್ಟಿಡಾಕ ಹತ್ತೀನಿ."

ಅರ್ಧ ತಿಂದ ಮಿರ್ಚಿಯನ್ನು ಕೈಯಲ್ಲೇ ಹಿಡಿದು ಮನೆಯ ಕಡೆ ತಿರುಗಿದೆ. ಬಾಗಿಲಲ್ಲಿ ಪಾರ್ವತಿ. "ನೀವ ಹೇಳ್ತೀರೋ, ನಾ ಹೇಳ್ಲ್ಯೋ?" ಎಂದಳು.

ಬಾಯಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ಗುಮಾಸ್ತನಿಗೆ ಒಂದೇ ದಾರಿ. ಒಳಗೆ ಹೋಗಿ ಅರ್ಜಿ ಬರೆದೆ. ತಂದು, ಅಷ್ಟರಲ್ಲಿ ಮಾಬುಸಾಬನ ಜೊತೆ ಬಂದಿದ್ದ ಎಂಜಿನಿಯರ್ ಕೈಯಲ್ಲಿಟ್ಟೆ. ಮನಸ್ಸಿನಲ್ಲಿ ಓದಿಕೊಳ್ಳುತ್ತಾಳೆಂದು ನನ್ನ ಲೆಕ್ಕ. ಅವಳು ಗಲ್ಲಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದಳು!

"ಮಾನ್ಯರೇ, ವಿಷಯ: ಗೋಡೆಯು ಮುಂದೆ ಬಂದಿರುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ಡೈರಿಯಲ್ಲಿ ನಮೂದಿಸಿದ ಅಳತೆಯು ಸರಿಯಾಗಿರುತ್ತದೆ. ಪೈಪು ಸಹ ಸ್ವಸ್ಥಾನದಲ್ಲಿರುತ್ತದೆ. ಆದರೆ ಅಳತೆಯ ನಂತರ ಸದರಿ ಗೋಡೆಯು ಎರಡು ಅಡಿ ಮುಂದೆ ಬಂದು, ತನ್ನ ಮುಂದೆ ಮೂರು ಅಡಿಯ ಕಟ್ಟೆಯನ್ನು ಹೊಂದಿರುತ್ತದೆ. ಆದಕಾರಣ ಸದರಿ ಪೈಪು ಸದರಿ ಕಟ್ಟೆಯ ಕೆಳಗೆ ಇರುವ ಸಂಭವವಿರುತ್ತದೆ."

ಗಲ್ಲಿಯವರೆಲ್ಲ ನನ್ನ ಕಟ್ಟೆಯ ಕಡೆ ತಿರುಗಿದರು.

"ತಾತಾ, ಗೋಡಿ ತಾನಾ ಮುಂದ ಬಂತೇನು?" ಎಂದಳು ಎಂಜಿನಿಯರ್.

"ಇಲ್ಲವ್ವ. ನಾನ ಕರ್ಕೊಂಡು ಬಂದ್ನಿ."

"ಯಾವಾಗ ನೆನಪಾತು?"

"ಈಗ" ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಶರಣಮ್ಮ ತಟ್ಟೆ ಹಿಡಿದು ನಿಂತಿದ್ದಳು. "ನಿನ್ನೆ ಮಧ್ಯಾಹ್ನ," ಎಂದೆ.

ಶರಣಮ್ಮ ತನ್ನ ಬಾಗಿಲ ಮುಂದಿನ ಗುಂಡಿ ನೋಡಿದಳು. ನನ್ನನ್ನು ನೋಡಿದಳು. "ಅಂದ್ರ ಇದನ್ನ ತೋಡ್ಸುವಾಗ ನಿಮಗ ಗೊತ್ತಿತ್ತು."

"ಗೊತ್ತಿತ್ತವ್ವ."

ಅವಳು ಬೈಯಲಿಲ್ಲ. ತಟ್ಟೆಯಲ್ಲಿ ಉಳಿದಿದ್ದ ಮಿರ್ಚಿಗಳನ್ನೆಲ್ಲ ಮಾಬುಸಾಬನಿಗೆ ಕೊಟ್ಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು!

"ಒಡೀಲೇನು ತಾತಾ?" ಎಂದ ಮಾಬುಸಾಬ್, ಮಿರ್ಚಿ ತಿಂದ ಹೊಸ ಹುರುಪಿನಲ್ಲಿ.

ಕೊನೆಯ ಸಲ ಒಂದು ನಿಮಿಷ ಕೂತೆ. ಎದ್ದೆ. ನನ್ನ ಸಿಂಹಾಸನ ಪುಡಿಯಾಗಲು ಎರಡು ನಿಮಿಷ ಸಾಕಾಯಿತು. ಕೆಳಗೆ, ಡೈರಿಯಲ್ಲಿ ಬರೆದಿದ್ದ ಆಳದಲ್ಲೇ, ಪೈಪು ಮಲಗಿತ್ತು. ನಾನು ದಿನವೂ ಕೂರುತ್ತಿದ್ದ ಮೂಲೆಯ ತಳಪಾಯದ ಕಲ್ಲು ಅದರ ಮೇಲೆ ಕುಸಿದು ಕೂತು, ಪೈಪು ಸರಿಯಾಗಿ ಅಲ್ಲೇ ಬಿರುಕು ಬಿಟ್ಟಿತ್ತು.

"ಎಷ್ಟು ವರ್ಷದ ಭಾರ ನೋಡ್ರಿ," ಎಂದಳು ಎಂಜಿನಿಯರ್. ಮೂವತ್ತು ವರ್ಷ ಲಾರಿಗಳ ತೂಕ ಬರೆದವನು ನಾನು. ನನ್ನ ತೂಕವನ್ನು ಮಾತ್ರ ಬರೆದಿರಲಿಲ್ಲ.

ಸಂಜೆಯೊಳಗೆ ನಲ್ಲಿಯಲ್ಲಿ ತಿಳಿನೀರು ಬಂತು. ಮರುದಿನ ಕಕ್ಕಸು ಸರಿಹೋಯಿತು, ಅದರ ಮರುದಿನ ಟಿವಿ. ಅಷ್ಟರಲ್ಲಿ ಧಾರಾವಾಹಿಯ ಸೊಸೆಗೆ ನಿಜ ಗೊತ್ತಾಗಿ ಹೋಗಿತ್ತು. ಅದೊಂದನ್ನು ಪಾರ್ವತಿ ಇವತ್ತಿಗೂ ಕ್ಷಮಿಸಿಲ್ಲ. ಹೊರಡುವಾಗ ಎಂಜಿನಿಯರ್ ಹೊಸ ನಕ್ಷೆಗೆ ಅಳತೆ ತೆಗೆದುಕೊಂಡಳು. ನಾನು ಉತ್ಸಾಹದಿಂದ ಟೇಪಿನ ತುದಿಯನ್ನು ನಮ್ಮ ಗೋಡೆಗೆ ಹಿಡಿದೆ.

"ಬ್ಯಾಡ ತಾತಾ. ನಿಮ್ಮ ಗೋಡಿಗೆ ಓಡಾಡೋ ಚಟ ಐತಿ."

ಅವಳು ಶರಣಮ್ಮನ ಗೋಡೆಯಿಂದ ಅಳೆದು, ಆ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬಾಣ ಬರೆಸಿದಳು. ನಮ್ಮ ಬಾಗಿಲು ತೆರೆದರೆ ಮೊದಲು ಕಾಣುವುದು ಅದೇ. ನಾನು ಅತಿಕ್ರಮಿಸಿದ ಎರಡು ಅಡಿ ಗೋಡೆಗೆ ಬೇರೆ ನೋಟಿಸು ಬರುತ್ತದಂತೆ. ಸಾಕ್ಷಿಯಾಗಿ ನನ್ನದೇ ಅರ್ಜಿ ಲಗತ್ತಿಸುತ್ತಾರಂತೆ.

ಶನಿವಾರ ಟೆಂಪೋ ಬರಲಿಲ್ಲ. ಖಾನಾವಳಿಯ ಬಾಗಿಲಿನ ಹಲಗೆ ಇಳಿಯಿತು. ರೊಟ್ಟಿ ಬಡಿಯುವ ಸಪ್ಪಳ ಕೇಳಿ ತಡೆಯಲಾಗದೆ ಹೋದೆ. ಮೆಟ್ಟಿಲಿಲ್ಲದ ಕಡೆ ಕಾಲೆತ್ತಿದೆ. ಮಂಡಿ ಚುಳುಕ್ ಎಂದಿತು. ಹಾಗೇ ಗೋಡೆ ಹಿಡಿದು ನಿಂತು ಹೇಳಿದೆ: "ಶರಣಮ್ಮ, ಕಟ್ಟಿ ಕಲ್ಲು ಒಂದೆರಡು ಗಟ್ಟಿ ಉಳದಾವು. ಇಲ್ಲೊಂದು ಮೆಟ್ಲಾ ಹಾಕಿಸಿಕೊಡ್ತೀನಿ."

ಅವಳು ರೊಟ್ಟಿಯಿಂದ ತಲೆಯೆತ್ತಲಿಲ್ಲ. "ಬ್ಯಾಡ್ರಿ ಅಣ್ಣಾರ. ಸಾರ್ವಜನಿಕ ರಸ್ತೆ ಸಾರ್ವಜನಿಕರದಾಗಿರ್ತೈತಿ."

ಆದರೂ ಕೈ ಹಿಡಿದು ಮೇಲೆ ಎಳೆದುಕೊಂಡಳು. ಊಟ ಬಡಿಸಿದಳು, ಎಲ್ಲರಿಗೂ ಆದ ಮೇಲೆ.

ಈಗ ಸಂಜೆ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಅದರ ಮುಂಗಾಲು ಒಂದಿಷ್ಟು ರಸ್ತೆಯ ಕಡೆ ಸರಿದರೂ ಸಾಕು, ಖಾನಾವಳಿಯಿಂದ ಕೂಗು ಬರುತ್ತದೆ: "ಅಣ್ಣಾರ, ಮತ್ತ ನಡಿಯಾಕ ಹತ್ತೈತಿ ನೋಡ್ರಿ!" ಲಾರಿ ಡ್ರೈವರುಗಳು ನಗುತ್ತಾರೆ. ನಾನು ಎದ್ದು, ಕುರ್ಚಿಯನ್ನು ಹಿಂದಕ್ಕೆ ಒತ್ತಿ, ಸುಮ್ಮನೆ ಕೂರುತ್ತೇನೆ.

ಡೈರಿಯಲ್ಲಿ ಹೊಸ ಅಳತೆ ಬರೆದಿದ್ದೇನೆ: ಗೋಡೆಯಿಂದ ಕೊಟ್ರಪ್ಪ, ಸೊನ್ನೆ ಅಡಿ.