ಸೋರುವ ಟ್ಯಾಂಕಿಗೆ ಕೆಂಪು ಟ್ಯಾಗು

ರಿಪೇರಿ ಮಾಡಲು ಹೋಗಿ ಇನ್ನೇನನ್ನೋ ಕೆಡಿಸುವುದು ನಮ್ಮ ರೂಮಿನಲ್ಲಿ ವಾರಕ್ಕೊಮ್ಮೆಯಾದರೂ ನಡೆಯುತ್ತಿತ್ತು. ರೂಮು ಎಂದರೆ ಕತಾರಿನ ದೋಹಾದ ಬಿನ್ ಒಮ್ರಾನ್ ಬಡಾವಣೆಯಲ್ಲಿ ನಾನೂ ಪುತ್ತೂರಿನ ಅಣ್ಣನೂ ಹಂಚಿಕೊಂಡಿದ್ದ ಫ್ಲಾಟು. ಅಣ್ಣ ಎಂದರೆ ಸ್ವಂತ ಅಣ್ಣನಲ್ಲ. ಮೆಸಯೀದ್‌ನ ಕಾರ್ಖಾನೆಯಲ್ಲಿ ನಮ್ಮದು ಒಂದೇ ಶಿಫ್ಟು, ಅವರು ಪೈಪುಗಳ ಸೋರಿಕೆ ನೋಡುವ ಟೆಕ್ನಿಷಿಯನ್. ಮೊದಲ ಸಲ ಬರೆಯುತ್ತಿದ್ದೇನೆ, ಆದ್ದರಿಂದ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ.

೧. ಆಯ್ಕೆ

ವಿಶ್ವಕಪ್ಪಿಗಾಗಿ ದೋಹಾದ ರಸ್ತೆಗಳನ್ನೆಲ್ಲ ಅಗೆದುಹಾಕಿದ್ದ ಕಾಲ. ಮೈಸೂರಿನಲ್ಲಿ ಗಣಿತದ ಟೀಚರಾಗಿದ್ದ ನನ್ನ ಹೆಂಡತಿ, "ನೀವು ಸಿಗರೇಟು ಬಿಟ್ರೆ ನಾನು ಕೆಲಸ ಬಿಟ್ಟು ಅಲ್ಲಿಗೇ ಬರ್ತೀನಿ. ಇಲ್ಲಾಂದ್ರೆ ವರ್ಷಕ್ಕೊಂದ್ಸಲ ನೀವೇ ಬನ್ನಿ" ಎಂದಿದ್ದಳು. ನಾನು ಸಿಗರೇಟು ಬಿಟ್ಟೆ. ಇ-ಸಿಗರೇಟು ಹಿಡಿದೆ. ಮೊದಲನೆಯದನ್ನು ಮಾತ್ರ ಅವಳಿಗೆ ಹೇಳಿದೆ.

ಕತಾರಿನಲ್ಲಿ ಅದನ್ನು ಮಾರುವಂತಿಲ್ಲ. ನನ್ನದು, ಕೆಲಸ ಮುಗಿಸಿ ಮನಿಲಾಕ್ಕೆ ಮರಳಿದ ಸಹೋದ್ಯೋಗಿ ಬಿಟ್ಟುಹೋದದ್ದು. ಜೊತೆಗೆ ಬಿಸ್ಕತ್ತಿನ ಡಬ್ಬಿಯಲ್ಲಿ ಮೂರು ಹಳೆಯ ಅಗ್ಗದ ಟ್ಯಾಂಕುಗಳು. ಟ್ಯಾಂಕ್ ಎಂದರೆ ತಾರಸಿ ಮೇಲಿನ ನೀರಿನ ಟ್ಯಾಂಕಲ್ಲ. ಹೆಬ್ಬೆರಳಿನಷ್ಟು ಗಾಜಿನ ಕೊಳವೆ, ಹೊಗೆಯಾಗುವ, ಹಣ್ಣಿನ ವಾಸನೆಯ ದ್ರವ ಅದರಲ್ಲಿರುತ್ತದೆ. ಒಂದರ ಗಾಜು ಬಿರುಕು ಬಿಟ್ಟಿತ್ತು, ಇನ್ನೊಂದರ ತಿರುಪು ಕೂರುತ್ತಿರಲಿಲ್ಲ, ಮೂರನೆಯದು ಸೋರುತ್ತಿತ್ತು.

"ಸೋರುವುದನ್ನೇ ಇಟ್ಕೊ ಮಾರಾಯ," ಎಂದರು ಅಣ್ಣ. "ಬಿರುಕು ಸಿವಿಲ್‌ನವರದ್ದು. ಸೋರಿಕೆ ನಮ್ಮ ಡಿಪಾರ್ಟ್‌ಮೆಂಟು."

೨. ಪರೀಕ್ಷೆ

ಅಣ್ಣ ಅದಕ್ಕೆ ನೀರು ತುಂಬಿ, ಟಿಶ್ಯೂ ಮೇಲೆ ನಿಲ್ಲಿಸಿ, ಕೆಂಪು ಟ್ಯಾಗು ಕಟ್ಟಿದರು. ಕಾರ್ಖಾನೆಯಲ್ಲಿ ಕೆಟ್ಟ ಯಂತ್ರಕ್ಕೆ 'ಮುಟ್ಟಬೇಡಿ' ಎಂಬ ಟ್ಯಾಗು ಕಟ್ಟುತ್ತಾರೆ. ಕಟ್ಟಿದವರೇ ಬಿಚ್ಚಬೇಕು, ಮ್ಯಾನೇಜರೂ ಕೈ ಹಾಕುವಂತಿಲ್ಲ. ಈ ನಿಯಮ ದಯವಿಟ್ಟು ನೆನಪಿಡಿ.

"ಇದು ನನ್ನ ಸಾಮಾನಲ್ವಾ ಅಣ್ಣ?" ಎಂದೆ.

"ಸಾಮಾನು ನಿನ್ನದು. ಟ್ಯಾಗು ನನ್ನದು."

ಆಮೇಲೆ ಮೂರು ದಿನ ಅವರಿಗೆ ಓವರ್‌ಟೈಮು. ಮೂರೂ ದಿನ ನಾನು ಟ್ಯಾಗನ್ನು ನೋಡುತ್ತ ಲವಂಗ ಜಗಿದೆ.

೩. ಮಾರ್ಪಾಡು

ಟ್ಯಾಂಕಿನ ತಳದ ರಬ್ಬರ್ ಬಳೆ ಸವೆದಿತ್ತು. ಅಣ್ಣ ಎಲ್ಲಿಂದಲೋ ರಬ್ಬರ್ ತಂದು ಹೊಸ ಬಳೆ ಕತ್ತರಿಸಿ ಕೂರಿಸಿದರು. ಒಂದು ಹನಿಯೂ ಸೋರಲಿಲ್ಲ. "ಖಲಾಸ್" ಎಂದು ಟ್ಯಾಗು ಬಿಚ್ಚಿದರು.

ಅಂದಿನಿಂದ ನಮ್ಮ ಕುಕ್ಕರು ಸೀಟಿ ಹೊಡೆಯುವುದನ್ನು ನಿಲ್ಲಿಸಿತು. ಎರಡಕ್ಕೂ ಸಂಬಂಧವಿದೆಯೆಂದು ಎರಡು ತಿಂಗಳಾದರೂ ನನಗೆ ಹೊಳೆಯಲಿಲ್ಲ. ಹೆಂಡತಿಗೆ ಎರಡು ನಿಮಿಷ ಸಾಕಾಯಿತು.

೪. ತಪಾಸಣೆ

ಊರು ಹೇಗಿದೆ ನೋಡೋಣವೆಂದು ಅವಳು ಒಂದು ತಿಂಗಳ ವೀಸಾದಲ್ಲಿ ಬಂದಳು. ನಾನು ಅಲ್ ಗರಾಫಾದ ವಿಲ್ಲಾ ಒಂದರಲ್ಲಿ ಎರಡು ಕೋಣೆ ಹಿಡಿದೆ. ಅಣ್ಣ ಅದೇ ಕುಕ್ಕರನ್ನು ಉಡುಗೊರೆಯಾಗಿ ಕೊಟ್ಟರು.

ಮೊದಲ ದಿನವೇ ಬೇಳೆ ಬೇಯಲಿಲ್ಲ. ಹೆಂಡತಿ ಮುಚ್ಚಳದ ರಬ್ಬರ್ ಗ್ಯಾಸ್ಕೆಟ್ಟು ತೆಗೆದು ನೋಡಿದಳು. ಅದರಲ್ಲೊಂದು ಗುಂಡನೆಯ ತೂತು. ಆಮೇಲೆ ಮಾವಿನಹಣ್ಣಿನ ವಾಸನೆ ಹೊಡೆಯುತ್ತಿದ್ದ ನನ್ನ ಅಂಗಿಯ ಜೇಬಿಗೆ ಕೈ ಹಾಕಿ, ಇ-ಸಿಗರೇಟನ್ನು ಹೊರತೆಗೆದು, ಟ್ಯಾಂಕು ತಿರುಗಿಸಿ ಬಿಚ್ಚಿ, ತಳದ ಬಳೆಯನ್ನು ಗ್ಯಾಸ್ಕೆಟ್ಟಿನ ತೂತಿಗೆ ಇಟ್ಟಳು. ಸರಿಯಾಗಿ ಕೂತಿತು.

"ಏನ್ರೀ ಇದು?"

"ಸಿಗರೇಟಲ್ಲ."

"ಸಿಗರೇಟು ಅಂದ್ನಾ ನಾನು? ಕುಕ್ಕರಿನ ಚೂರು ನಿಮ್ಮ ಜೇಬಲ್ಲಿ ಯಾಕಿದೆ ಅಂದೆ."

ಬಿಡಿಸಿ ಹೇಳುವುದು ನನ್ನ ಅಭ್ಯಾಸ. ಟ್ಯಾಗಿನ ನಿಯಮವನ್ನೂ ಬಿಡದೆ ಹೇಳಿದೆ. ಅವಳು ನನ್ನ ಕಾರ್ಖಾನೆ ಬ್ಯಾಗಿನಿಂದಲೇ ಒಂದು ಕೆಂಪು ಟ್ಯಾಗು ತೆಗೆದು, ಇ-ಸಿಗರೇಟಿಗೆ ಕಟ್ಟಿ, 'ಕೆಟ್ಟಿರುವ ಭಾಗ' ಎಂಬಲ್ಲಿ 'ಗಂಡ' ಎಂದು ಬರೆದು ಸಹಿ ಹಾಕಿದಳು.

ತಿಂಗಳು ಮುಗಿದು ಅವಳು ವಿಮಾನ ಹತ್ತಿದ ಮರುದಿನ ಟ್ಯಾಗು ಬಿಚ್ಚಿಸಲು ಅಣ್ಣನನ್ನು ಕರೆಸಿದೆ. ಅವರು ಟ್ಯಾಗು ಓದಿ ಎರಡು ಹೆಜ್ಜೆ ಹಿಂದೆ ಸರಿದರು.

"ಕಟ್ಟಿದವರು ರಜೆಯಲ್ಲಿದ್ರೆ ಫೋನಲ್ಲಿ ಒಪ್ಪಿಗೆ ತಗೊಳ್ಬೇಕು ಮಾರಾಯ. ನನಗೆ ನೌಕರಿ ಉಂಟು."

ಫೋನು ಮಾಡಿದೆ.

"ಟ್ಯಾಗು ಹಾಗೇ ಇದೆಯಾ?" ಎಂದಳು.

"ಇದೆ."

"ನಿಮ್ಮ ಅಣ್ಣನೂ ಬಿಚ್ಚಲಿಲ್ವಾ?"

"ಇಲ್ಲ."

"ಹಾಗಾದ್ರೆ ನಾಳೆನೇ ರಾಜೀನಾಮೆ ಕೊಡ್ತೀನಿ. ಬರುವಾಗ ಗ್ಯಾಸ್ಕೆಟ್ಟು ತರ್ತೀನಿ."

ಬಂದಳು. ಕುಕ್ಕರು ಸೀಟಿ ಹೊಡೆಯುತ್ತಿದೆ. ವಿಶ್ವಕಪ್ಪು ಬಂದು ಹೋಯಿತು, ಅಗೆದ ರಸ್ತೆಗಳೆಲ್ಲ ಸರಿಹೋದವು. ಟ್ಯಾಗು ಮಾತ್ರ ಹಾಗೇ ನೇತಾಡುತ್ತಿದೆ. ಕೇಳಿದರೆ, ಕೆಟ್ಟ ಭಾಗದ ರಿಪೇರಿ ಇನ್ನೂ ಮುಗಿದಿಲ್ಲವಂತೆ.