ಮೇಷ್ಟ್ರು ಕೇಳಿದ ಎರಡನೇ ಬದಿ

ರೇಡಿಯೋ ಮಾರಿದರೆ ಗಿರಾಕಿ ಬರುತ್ತಾನೆ. ರೆಕಾರ್ಡ್ ಮಾರಿದರೆ ಗಿರಾಕಿಯ ಜೊತೆಗೆ ಅವನ ಮನೆಯ ಜಗಳವೂ ಬರುತ್ತದೆ. ಅರವತ್ತರ ದಶಕದಲ್ಲಿ ಜಯನಗರದಲ್ಲಿ ಅಂಗಡಿ ಇಟ್ಟಿದ್ದ ನನಗೆ ಇದು ತಿಂಗಳಿಗೊಮ್ಮೆಯಾದರೂ ಅನುಭವಕ್ಕೆ ಬರುತ್ತಿತ್ತು. ಆದರೆ ಮೂರು ಭಾನುವಾರ ನನ್ನ ಎದೆ ಹೊಡೆದುಕೊಂಡಿದ್ದು ಒಂದೇ ಒಂದು ಸಲ.

ಮೊದಲನೇ ಭಾನುವಾರ

ನಮ್ಮ ಬೀದಿಯ ಚರ್ಚಿನಲ್ಲಿ ಒಂದು ಪದ್ಧತಿ. ಮದುವೆಗೆ ಮುಂಚೆ ಮೂರು ಭಾನುವಾರ ವಧೂವರರ ಹೆಸರು ಓದಿ, "ಯಾರಿಗಾದರೂ ಅಡ್ಡಿ ಇದೆಯೋ?" ಅಂತ ಸಭೆಯನ್ನು ಕೇಳುತ್ತಾರೆ. ಮೂರು ಸಲವೂ ಯಾರೂ ಬಾಯಿ ಬಿಡದಿದ್ದರೆ ಮದುವೆ.

ಆ ಸಲ ಓದುತ್ತಿದ್ದದ್ದು ಒಬ್ಬ ರಿಟೈರ್ಡ್ ಮೇಷ್ಟ್ರ ಮಗಳ ಹೆಸರು. ಮೇಷ್ಟ್ರು ಆ ಚರ್ಚಿನ ಹಿರಿಯರು. ವರ ಫ್ಯಾಕ್ಟರಿಯಲ್ಲಿ ಗುಮಾಸ್ತ, ಎಣ್ಣೆ ಹಚ್ಚಿ ತಲೆ ಬಾಚಿದ ಸಾಧು. ಆದರೆ ಆ ಸಾಧು ಶನಿವಾರ ಸಂಜೆ ಕಂಟೋನ್ಮೆಂಟಿನಲ್ಲಿ ರಾಕ್ ಅಂಡ್ ರೋಲ್ ಬ್ಯಾಂಡಿಗೆ ಗಿಟಾರ್ ಬಾರಿಸುತ್ತಾನೆ ಅನ್ನೋದು ಗೊತ್ತಿದ್ದದ್ದು ಇಬ್ಬರಿಗೇ. ಒಬ್ಬಳು ಆ ಹುಡುಗಿ. ಇನ್ನೊಬ್ಬ ಅವನಿಗೆ ತಂತಿ ಮಾರುತ್ತಿದ್ದ ನಾನು.

ಹುಡುಗಿಯೇ ಅವನ ಗಿಟಾರನ್ನು ತಂದು ನನ್ನ ಅಂಗಡಿಯಲ್ಲಿಟ್ಟಳು. "ಮಾಮ, ಮೂರು ಭಾನುವಾರ ಇದನ್ನ ಮುಚ್ಚಿಟ್ಬಿಡಿ. ಆಮೇಲೆ ಅಪ್ಪನ್ನ ನಾನು ನೋಡ್ಕೋತೀನಿ."

ಅವಳು ಹೋದ ಮಾರನೇ ದಿನವೇ ಮೇಷ್ಟ್ರು ಹಾಜರ್. ಕೈಯಲ್ಲಿ ನೋಟ್‌ಬುಕ್ಕು. "ಸಾಹುಕಾರ್ರೇ, ಮೂರನೇ ಭಾನುವಾರ ನಮ್ಮ ಹುಡುಗರಿಗೆ ಈ ರಾಕ್ ಅಂಡ್ ರೋಲ್ ವಿರುದ್ಧ ಭಾಷಣ ಮಾಡ್ತಿದೀನಿ. ಇದು ಬರೀ ಸಂಗೀತ ಅಲ್ಲ. ಇದರ ಹಿಂದೇನೇ ಬಿಗಿ ಪ್ಯಾಂಟು, ಸಿಗರೇಟು, ಡ್ಯಾನ್ಸು, ದೇವರನ್ನ ಮರೆಯೋದು ಎಲ್ಲಾ ಬರುತ್ತೆ. ಇದನ್ನ ಬಾರಿಸೋನಿಗೆ ಮಗಳನ್ನ ಕೊಡೋದಕ್ಕಿಂತ ಮನೇಲೇ ಇಟ್ಕೊಳ್ಳೋದು ವಾಸಿ."

ಅವರು ಕೂತಿದ್ದ ಬೆಂಚಿನ ಕೆಳಗೇ ಗಿಟಾರಿತ್ತು.

"ಶತ್ರುವನ್ನ ತಿಳ್ಕೊಂಡು ಹೊಡೀಬೇಕು. ಒಂದು ರೆಕಾರ್ಡ್ ಹಾಕಿ," ಅಂದರು.

ಕೆಂಪು ಲೇಬಲಿನದೊಂದು ಹಾಕಿದೆ. ಮೇಷ್ಟ್ರು ಹುಬ್ಬು ಗಂಟಿಕ್ಕಿ ಕೇಳಿದರು, ಬರೆದುಕೊಂಡರು. ಮುಗಿದ ಮೇಲೆ ನಿಟ್ಟುಸಿರು ಬಿಟ್ಟರು.

"ಘೋರ. ತಿರುಗಿಸಿ ಹಾಕಿ, ಆ ಕಡೆ ಎಷ್ಟು ಪಾಪ ಇದೆ ನೋಡೇಬಿಡೋಣ."

ಎರಡನೇ ಭಾನುವಾರ

ಎರಡನೇ ಸಲದ ಓದೂ ಸಲೀಸಾಗಿ ಮುಗಿಯಿತು. ಆದರೆ ಮೇಷ್ಟ್ರ ಅಧ್ಯಯನ ಮುಗಿಯಲಿಲ್ಲ. ವಾರದಲ್ಲಿ ನಾಲ್ಕು ದಿನ ಬಂದರು. "ಆ ಎರಡನೇ ಬದಿ ಹಾಕಿ, ಒಂದು ಪಾಯಿಂಟ್ ಬಿಟ್ಟುಹೋಗಿದೆ." ಬಾಡಿಗೆ ಸೈಕಲ್ ಆಗಿದ್ದರೆ ಗಂಟೆಗಿಷ್ಟು ಅಂತ ವಸೂಲು ಮಾಡಬಹುದಿತ್ತು.

ನಾಲ್ಕನೇ ದಿನ ಪೆನ್ಸಿಲ್ ಬಿತ್ತು. ಎತ್ತಿಕೊಳ್ಳಲು ಬಗ್ಗಿದವರು ಪೆನ್ಸಿಲ್ ಬಿಟ್ಟು ಗಿಟಾರ್ ಎಳೆದರು.

"ಇದು ಯಾರದ್ದು?"

ಸುಳ್ಳು ಹೇಳುವಾಗ ಚಿಕ್ಕದಾಗಿ ಹೇಳಬೇಕು, ಅದು ವ್ಯಾಪಾರದ ಪಾಠ. "ಮಾರೋಕೆ ಬಂದಿದೆ," ಅಂದೆ.

"ಒಳ್ಳೇದಾಯ್ತು. ನಾನೇ ತಗೋತೀನಿ. ಭಾಷಣ ಆದ್ಮೇಲೆ ಹುಡುಗರ ಎದುರಿಗೇ ಇದನ್ನ ಸುಡ್ತೀನಿ."

ಅಳಿಯನ ಗಿಟಾರನ್ನು ಮಾವ ಸುಡುವುದು! ಕೇಳಿದವರು ಓಡಿಹೋಗಬೇಕು, ಅಂಥ ರೇಟು ಹೇಳಿದೆ. ಮೇಷ್ಟ್ರು ಓಡಲಿಲ್ಲ, ಚೌಕಾಸಿಗೆ ಕೂತರು.

"ಸುಡೋ ವಸ್ತುವಿಗೆ ಇಷ್ಟೊಂದಾ ಸಾಹುಕಾರ್ರೇ? ನ್ಯಾಯವಾಗಿ ಹೇಳಿ."

"ಸುಡೋರು ನೀವು ಮೇಷ್ಟ್ರೇ, ನಾನು ಮಾರ್ತಿರೋದು ಗಿಟಾರು. ಸೌದೆ ಬೇಕಿದ್ರೆ ಎದುರಿಗೇ ಡಿಪೋ ಇದೆ." ರೇಟು ಕುದುರಲಿಲ್ಲ, ಗಿಟಾರು ಬೆಂಚಿನ ಕೆಳಗೇ ಉಳಿಯಿತು.

ಮೂರನೇ ಭಾನುವಾರ

ಭಾಷಣಕ್ಕೆ ಮೈಕ್ ಸೆಟ್ ನನ್ನ ಅಂಗಡಿಯದ್ದೇ. ಬೆಳಿಗ್ಗೆಯೇ ಹೋಗಿ ಕಟ್ಟಿದೆ. ಗಂಡಸರ ಸಾಲಿನಲ್ಲಿ ವರ ಟೈ ಕಟ್ಟಿ ಕೂತಿದ್ದ, ಹೆಂಗಸರ ಸಾಲಿನಲ್ಲಿ ಹುಡುಗಿ ಕಣ್ಣು ಮುಚ್ಚಿ ಕೂತಿದ್ದಳು. ಪಾದ್ರಿಗಳು ಹೆಸರು ಓದಿದರು.

"ಮೂರನೆಯ ಹಾಗೂ ಕೊನೆಯ ಸಲ ಕೇಳುತ್ತಿದ್ದೇನೆ. ಅಡ್ಡಿ ಇದ್ದವರು ಈಗಲೇ ಹೇಳಿ."

ಅದೇ ಹೊತ್ತಿಗೆ ನನ್ನ ಮೈಕು "ಕುಂಯ್ಯ್..." ಅಂತ ಕಿರುಚಿತು. ಸ್ಪೀಕರನ್ನು ಮೈಕಿಗೆ ಮುಖ ಮಾಡಿ ಇಟ್ಟಿದ್ದೆ, ತಪ್ಪು ನನ್ನದೇ.

ಪಾದ್ರಿಗಳು ನನ್ನ ಕಡೆ ತಿರುಗಿದರು. "ಸಾಹುಕಾರ್ರೇ, ಅಡ್ಡಿ ನಿಮ್ಮದೋ, ಮೈಕಿನದೋ?"

ನಾನು ಏಳುವಷ್ಟರಲ್ಲಿ ವರ ನೆಗೆದೆದ್ದ. ಸ್ಪೀಕರನ್ನು ಆಚೆ ತಿರುಗಿಸಿದ, ಸೌಂಡಿನ ಗುಂಡಿ ಇಳಿಸಿದ. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಅಭ್ಯಾಸಬಲ, ಮೈಕಿಗೆ ಬಾಯಿಟ್ಟ. ನಮ್ಮ ಮೈಕಿನವರು ಒನ್, ಟೂ, ತ್ರೀಗೆ ನಿಲ್ಲಿಸುತ್ತಾರೆ. ಇವನು ಬ್ಯಾಂಡಿನವರು ಹಾಡು ಎತ್ತಿಕೊಳ್ಳೋ ಹಾಗೆ ಚಿಟಿಕೆ ಹೊಡೆಯುತ್ತಾ, ಬೂಟು ಕುಟ್ಟುತ್ತಾ, "ಒನ್, ಟೂ, ತ್ರೀ, ಫೋರ್!" ಅಂದುಬಿಟ್ಟ.

ಮೇಷ್ಟ್ರು ನಿಧಾನವಾಗಿ ಎದ್ದರು. "ಏನಪ್ಪಾ, ಇದನ್ನೆಲ್ಲಿ ಕಲಿತೆ?"

ದೇವರ ಮನೆಯಲ್ಲಿ ಸುಳ್ಳು ಹೇಳಲು ಅವನು ವ್ಯಾಪಾರಿಯಲ್ಲ. "ಬ್ಯಾಂಡಲ್ಲಿ ಗಿಟಾರ್ ಬಾರಿಸ್ತೀನಿ ಅಂಕಲ್. ಶನಿವಾರ."

"ಯಾವ ಹಾಡು?"

"ಸಾಹುಕಾರ್ರ ಅಂಗಡೀಲಿ ಕೆಂಪು ಲೇಬಲಿನ ರೆಕಾರ್ಡಿದೆಯಲ್ಲ, ಅದರ ಎರಡನೇ ಬದಿ."

"ಸುಳ್ಳು!" ಮೇಷ್ಟ್ರು ಗುಡುಗಿದರು. "ಎರಡನೇ ಬದೀಲಿ ಗಿಟಾರೆಲ್ಲಿದೆ? ಕೊನೇ ಚರಣದವರೆಗೂ ಬರೀ ಪಿಯಾನೋ!"

ಇಡೀ ಸಭೆ ವರನನ್ನು ಬಿಟ್ಟು ಮೇಷ್ಟ್ರನ್ನು ನೋಡಿತು.

"ಕೊನೇ ಚರಣದವರೆಗೂ ಕೇಳಿದ್ದೀರಾ ಮೇಷ್ಟ್ರೇ?" ಪಾದ್ರಿಗಳು ಕೇಳಿದರು.

"ಅದೂ... ಭಾಷಣದ ತಯಾರಿಗೆ, ಅಯ್ಯನವರೇ."

ಹೆಂಗಸರ ಸಾಲಿನಿಂದ ಮಗಳ ದನಿ ಬಂತು. "ಎಷ್ಟು ಸಲ ತಯಾರಾದ್ರಿ ಅಪ್ಪಾ?"

ಮೇಷ್ಟ್ರು ನನ್ನತ್ತ ನೋಡಿದರು. ನಾನೇನು ಮಾಡಲಿ, ನನಗೂ ಅದು ದೇವರ ಮನೆಯೇ. "ರೆಕಾರ್ಡ್ ಸವೆದುಹೋಗಿದೆ ಅಯ್ಯನವರೇ, ಇನ್ನು ಮಾರೋ ಹಾಗಿಲ್ಲ," ಅಂದೆ.

ಮೇಷ್ಟ್ರು ಕೂತರು. ಪಾದ್ರಿಗಳು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು, ಒಂದು ನಿಮಿಷ ಕಾದು, "ಅಡ್ಡಿ ಇಲ್ಲ" ಅಂತ ಬರೆದುಕೊಂಡರು. ಭಾಷಣ ಮುಂದಕ್ಕೆ ಹೋಯಿತು. ಎಷ್ಟು ಮುಂದಕ್ಕೆ ಅಂತ ಯಾರೂ ಕೇಳಲಿಲ್ಲ.

ನಾನು ವೈರು ಸುತ್ತುತ್ತಿದ್ದಾಗ ಮೇಷ್ಟ್ರು ಪಕ್ಕಕ್ಕೆ ಬಂದು ಕೆಮ್ಮಿದರು.

"ಆ ರೆಕಾರ್ಡನ್ನ ಒಂದು ಒಳ್ಳೇ ಕಾಗದದಲ್ಲಿ ಸುತ್ತಿಡಿ. ಮದುವೆ ಉಡುಗೊರೆಗೆ."

"ಮೇಷ್ಟ್ರೇ, ಅದು ಸವೆದಿದೆ ಅಂತ ಸಭೇಲೇ ಹೇಳಿದ್ನಲ್ಲ!"

"ಸವೆದಿರೋದು ನನ್ನ ಬದಿ ಸಾಹುಕಾರ್ರೇ. ಅಳಿಯನಿಗೆ ಇನ್ನೊಂದು ಬದಿ ಇದೆ."